ಒಲೆಯ ಲೆಕ್ಕ, ತಲೆಯ ಲೆಕ್ಕ: ಐರ್ಲೆಂಡಿನ ನಷ್ಟವಾದ ಗಣತಿ ಪಟ್ಟಿಗಳೂ ಅವುಗಳ ಬದಲಿ ದಾಖಲೆಗಳೂ

೧

ಜನಸಂಖ್ಯೆಯ ಎಣಿಕೆಯನ್ನು ಸೂಚಿಸಲು ಕನ್ನಡದಲ್ಲಿ ಎರಡು ಶಬ್ದಗಳು ಬಳಕೆಗೆ ಬಂದಿವೆ. ‘ಖಾನೇಷುಮಾರಿ’ ಎಂಬುದು ಹಳೆಯದು. ‘ಜನಗಣತಿ’ ಎಂಬುದು ಈಚಿನದು. ಮೊದಲನೆಯದು ಪಾರಸಿಯಿಂದ ಸರಕಾರಿ ಲೆಕ್ಕಪತ್ರಗಳ ಮೂಲಕ ನಮ್ಮ ಭಾಷೆಗೆ ಬಂದ ಮಾತು. ‘ಖಾನೆ’ ಎಂದರೆ ಮನೆ, ‘ಷುಮಾರಿ’ ಎಂದರೆ ಎಣಿಕೆ. ಶಬ್ದಾರ್ಥವನ್ನು ಹಿಡಿದು ಹೇಳುವುದಾದರೆ ಖಾನೇಷುಮಾರಿಯು ಮನೆಗಳ ಲೆಕ್ಕ, ಜನಗಣತಿಯು ಜನರ ಲೆಕ್ಕ. ರೂಢಿಯಲ್ಲಿ ಇವೆರಡೂ ಒಂದೇ ಅರ್ಥವನ್ನು ಪಡೆದವು. ಶಬ್ದಗಳ ಬಾಳಿನಲ್ಲಿ ಇಂತಹ ಬೆರಕೆ ಸಹಜವಾದುದು. ಅದರಿಂದ ಯಾರಿಗೂ ಹಾನಿಯಿಲ್ಲ. ಆದರೆ ಇತಿಹಾಸದ ಅಭ್ಯಾಸಿಯು ಈ ಎರಡು ಕಾರ್ಯಗಳನ್ನೂ ಒಂದೆಂದೇ ಭಾವಿಸಿದರೆ ಹಾನಿ ಉಂಟು. ಮನೆಯನ್ನು ಎಣಿಸುವವನು ಹೊಸ್ತಿಲ ಹೊರಗೆ ನಿಂತಿರುತ್ತಾನೆ. ಒಳಗಿರುವವರು ಎಷ್ಟು ಮಂದಿ, ಯಾರು ಯಾರು, ಅವರಲ್ಲಿ ಹೆಂಗಸರೆಷ್ಟು, ಮಕ್ಕಳೆಷ್ಟು, ಕೂಲಿಯಾಳುಗಳೆಷ್ಟು ಎಂಬುದು ಅವನಿಗೆ ಬೇಕಾಗಿರುವುದಿಲ್ಲ.

ಗಣತಿಯ ಮೂಲ ಪಟ್ಟಿಗಳು ನಷ್ಟವಾದ ದೇಶಗಳಲ್ಲಿ ವಿದ್ವಾಂಸರು ಮನೆವಾರು ಬರೆದಿಟ್ಟ ಇತರ ದಾಖಲೆಗಳ ಮೊರೆಹೊಗುವುದು ವಾಡಿಕೆಯಾಗಿದೆ. ತೆರಿಗೆಯ ಪಟ್ಟಿ, ಕಂದಾಯದ ಮೌಲ್ಯಮಾಪನ, ಧರ್ಮಾಧಿಕಾರಿಗಳ ಟಿಪ್ಪಣಿ ಮೊದಲಾದ ಇವುಗಳಿಗೆ ‘ಗಣತಿಯ ಬದಲಿಗಳು’ ಎಂಬ ಹೆಸರೂ ಬಿದ್ದಿದೆ. ಪ್ರಕೃತ ಲೇಖನದಲ್ಲಿ ಈ ಹೆಸರಿನ ಔಚಿತ್ಯವನ್ನು ಪರೀಕ್ಷಿಸುವುದು ನಮ್ಮ ಉದ್ದೇಶ. ಅದಕ್ಕೆ ಐರ್ಲೆಂಡಿನ ಉದಾಹರಣೆಯನ್ನು ಆರಿಸಿಕೊಂಡಿದ್ದೇವೆ. ಅಲ್ಲಿ ನಷ್ಟವೂ ದೊಡ್ಡದು, ಬದಲಿಗಳೂ ಬಹಳ. ಇವೆರಡರ ನಡುವೆ ಒಂದು ಮಹಾಕ್ಷಾಮವೂ ನಿಂತಿದೆ. ಬದಲಿ ದಾಖಲೆಗಳು ಅವು ತುಂಬಬೇಕೆಂದು ನಾವು ಬಯಸುವ ಸ್ಥಾನವನ್ನು ತುಂಬಲಾರವು. ಯಾರನ್ನು ಅವು ಬಿಟ್ಟಿವೆ ಎಂಬುದನ್ನು ಅರಿತ ಮೇಲೆಯೇ ಅವುಗಳ ನಿಜವಾದ ಉಪಯೋಗ ಆರಂಭವಾಗುತ್ತದೆ ಎಂಬುದನ್ನು ತೋರಿಸಲು ಇಲ್ಲಿ ಪ್ರಯತ್ನಿಸಲಾಗಿದೆ.

೨

ಐರ್ಲೆಂಡಿನಲ್ಲಿ ೧೮೧೩ರಲ್ಲಿ ಗಣತಿಯ ಪ್ರಯತ್ನವೊಂದು ನಡೆದು ಅಪೂರ್ಣವಾಗಿಯೇ ನಿಂತಿತು. ಮೊದಲನೆಯ ಪೂರ್ಣ ಗಣತಿ ನಡೆದುದು ೧೮೨೧ರಲ್ಲಿ. ಅಂದಿನಿಂದ ೧೯೧೧ರವರೆಗೆ ಹತ್ತು ವರ್ಷಕ್ಕೊಮ್ಮೆಯಂತೆ ಹತ್ತು ಗಣತಿಗಳು ನಡೆದವು. ಈ ಹತ್ತರಲ್ಲಿ ಮನೆಮನೆಯ ಮೂಲ ಪಟ್ಟಿಗಳು ಇಡಿಯಾಗಿ ಉಳಿದಿರುವುದು ೧೯೦೧ ಮತ್ತು ೧೯೧೧ರವು ಮಾತ್ರ.

ಈ ನಷ್ಟದ ಮಾತು ಬಂದಾಗ ಸಾಮಾನ್ಯವಾಗಿ ೧೯೨೨ರ ಬೆಂಕಿಯನ್ನು ನೆನೆಯುತ್ತಾರೆ. ಡಬ್ಲಿನ್ ನಗರದಲ್ಲಿ ಲಿಫಿ ನದಿಯ ದಡದ ‘ಫೋರ್ ಕೋರ್ಟ್ಸ್’ ಎಂಬ ನ್ಯಾಯಾಲಯ ಸಮುಚ್ಚಯದಲ್ಲಿ ಸಾರ್ವಜನಿಕ ದಾಖಲೆಗಳ ಭಂಡಾರವಿದ್ದಿತು. ಅಂತರ್ಯುದ್ಧದ ಮೊದಲ ದಿನಗಳಲ್ಲಿ, ೧೯೨೨ನೆಯ ಜೂನ್ ೩೦ರಂದು, ಸ್ಫೋಟದಿಂದಲೂ ಬೆಂಕಿಯಿಂದಲೂ ಆ ಭಂಡಾರ ನಾಶವಾಯಿತು. ೧೮೨೧, ೧೮೩೧, ೧೮೪೧, ೧೮೫೧ರ ಗಣತಿ ಪಟ್ಟಿಗಳು ಅಲ್ಲಿಯೇ ಬೂದಿಯಾದವು. ಅಲ್ಲೊಂದು ಇಲ್ಲೊಂದು ತುಣುಕು ಮಾತ್ರ ಉಳಿಯಿತು: ೧೮೨೧ರದರಲ್ಲಿ ಕ್ಯಾವನ್, ಫರ್ಮಾನಾ, ಗಾಲ್ವೇ, ಮೀತ್ ಮುಂತಾದ ಕೌಂಟಿಗಳ ಕೆಲವು ಭಾಗ, ೧೮೩೧ರದರಲ್ಲಿ ಡೆರ್ರಿಯ ಕೆಲವು ಭಾಗ, ೧೮೪೧ರದರಲ್ಲಿ ಕ್ಯಾವನ್ ಕೌಂಟಿಯ ಕಿಲ್ಲೆಶಾಂಡ್ರಾ ಪ್ಯಾರಿಷ್, ೧೮೫೧ರದರಲ್ಲಿ ಬಹುಮಟ್ಟಿಗೆ ಆಂಟ್ರಿಮ್ ಕೌಂಟಿಯ ಕೆಲವು ಊರುಗಳು. ಭಂಡಾರದ ಅಧಿಕಾರಿ ಹರ್ಬರ್ಟ್ ವುಡ್ ಎಂಬವರು ೧೯೧೯ರಲ್ಲಿ ಅಲ್ಲಿನ ದಾಖಲೆಗಳ ಮಾರ್ಗದರ್ಶಿಯೊಂದನ್ನು ಪ್ರಕಟಿಸಿದ್ದರು. ದಾಖಲೆಗಳನ್ನು ಹುಡುಕುವವರಿಗಾಗಿ ಬರೆದ ಆ ಪುಸ್ತಕ ಮೂರೇ ವರ್ಷಗಳಲ್ಲಿ ನಷ್ಟವಾದುದರ ಪಟ್ಟಿಯಾಗಿ ಪರಿಣಮಿಸಿತು.

ಆದರೆ ಎಲ್ಲ ದೋಷವನ್ನೂ ಬೆಂಕಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ೧೮೬೧ ಮತ್ತು ೧೮೭೧ರ ಪಟ್ಟಿಗಳನ್ನು ಕೋಷ್ಟಕಗಳು ಸಿದ್ಧವಾದ ಬಳಿಕ ಸರಕಾರವೇ ನಾಶಪಡಿಸಿತು. ೧೮೮೧ ಮತ್ತು ೧೮೯೧ರವು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ರದ್ದಿಯಾಗಿ ಅರೆಯಲ್ಪಟ್ಟವು. ನಾಲ್ಕು ಗಣತಿಗಳನ್ನು ಯುದ್ಧದ ಬೆಂಕಿ ನುಂಗಿದರೆ ಇನ್ನು ನಾಲ್ಕನ್ನು ಕಚೇರಿಯ ಅಪ್ಪಣೆ ನುಂಗಿತು. ಈ ಎರಡನೆಯ ಬಗೆಯ ನಾಶದಲ್ಲಿ ಒಂದು ನಂಬಿಕೆ ಅಡಗಿದೆ. ಮೊತ್ತ ಬಂದ ಮೇಲೆ ಹೆಸರು ಬೇಡ ಎಂಬುದೇ ಆ ನಂಬಿಕೆ. ಬದಲಿ ದಾಖಲೆಗಳನ್ನು ಮೆಚ್ಚಿ ಬಳಸುವ ವಿದ್ವಾಂಸರೂ ಕೆಲವೊಮ್ಮೆ ತಮಗರಿವಿಲ್ಲದೆ ಇದನ್ನೇ ಒಪ್ಪಿಕೊಂಡಿರುತ್ತಾರೆ. ಮೊತ್ತವನ್ನು ಹೇಗಾದರೂ ಪುನಃ ಕಟ್ಟಿದರೆ ನಷ್ಟ ತುಂಬಿತೆಂದು ಅವರು ತಿಳಿಯುತ್ತಾರೆ.

೩

ತುಂಬಿತೇ ಇಲ್ಲವೇ ಎಂಬುದನ್ನು ನಿರ್ಣಯಿಸಲು ಮೊದಲು ಕಳೆದುಹೋದ ಪಟ್ಟಿಗಳಲ್ಲಿ ಏನಿತ್ತೆಂಬುದನ್ನು ತಿಳಿಯಬೇಕು. ೧೮೪೧ರ ಗಣತಿಯು ಐರ್ಲೆಂಡಿನಲ್ಲಿ ಹೊಸ ಕ್ರಮವೊಂದನ್ನು ತಂದಿತು. ಪ್ರತಿ ಮನೆಗೂ ಅಚ್ಚುಮಾಡಿದ ನಮೂನೆಯನ್ನು ಕೊಟ್ಟು, ಜೂನ್ ೬ರ ರಾತ್ರಿ ಆ ಮನೆಯಲ್ಲಿ ತಂಗಿದವರೆಲ್ಲರ ವಿವರವನ್ನು ಬರೆಯಿಸಲಾಯಿತು. ಹೆಸರು, ವಯಸ್ಸು, ಲಿಂಗ, ಯಜಮಾನನೊಡನೆ ಇರುವ ಸಂಬಂಧ, ವಿವಾಹ, ಕಸುಬು, ಓದುಬರಹ, ಹುಟ್ಟಿದ ಕೌಂಟಿ ಇವೆಲ್ಲ ಅದರಲ್ಲಿದ್ದವು. ಪೊಲೀಸಿನವರು ಮನೆಮನೆಗೂ ಹೋಗಿ ಅವನ್ನು ಸಂಗ್ರಹಿಸಿದರು. ಮನೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು. ಒಂದೇ ಕೋಣೆಯ ಮಣ್ಣಿನ ಗುಡಿಸಲು ನಾಲ್ಕನೆಯ ದರ್ಜೆಯದು.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಕೋಷ್ಟಕ ಆ ನಮೂನೆಯಲ್ಲಿದ್ದಿತು. ಹಿಂದಿನ ಗಣತಿಯಿಂದ ಈಚೆಗೆ ಆ ಮನೆಯಲ್ಲಿ ಸತ್ತವರ ವಿವರವನ್ನು ಅದರಲ್ಲಿ ಬರೆಯಬೇಕಾಗಿದ್ದಿತು. ೧೮೫೧ನೆಯ ಮಾರ್ಚ್ ೩೦ರ ಗಣತಿಯಲ್ಲಿಯೂ ಇದೇ ಪ್ರಶ್ನೆಯಿತ್ತು. ೧೮೪೧ರ ಜೂನ್ ೬ರಿಂದ ಈಚೆಗೆ ಸತ್ತವರ ಹೆಸರು, ವಯಸ್ಸು, ಸತ್ತ ಕಾಲ, ಸಾವಿನ ಕಾರಣ ಇವನ್ನು ಉಳಿದವರು ಹೇಳಿ ಬರೆಯಿಸಿದರು. ಈ ಹತ್ತು ವರ್ಷಗಳ ನಡುವೆಯೇ, ೧೮೪೫ರಲ್ಲಿ, ಆಲೂಗೆಡ್ಡೆಯ ಬೆಳೆಗೆ ರೋಗ ತಗಲಿ ಮಹಾಕ್ಷಾಮ ಆರಂಭವಾಗಿತ್ತು. ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಮಂದಿ ಹಡಗು ಹತ್ತಿ ದೇಶ ಬಿಟ್ಟರು. ೧೮೪೧ರಲ್ಲಿ ೮೧,೭೫,೧೨೪ ಇದ್ದ ಜನಸಂಖ್ಯೆ ೧೮೫೧ರಲ್ಲಿ ಸುಮಾರು ೬೫ ಲಕ್ಷಕ್ಕೆ ಇಳಿಯಿತು. ನಾಲ್ಕನೆಯ ದರ್ಜೆಯ ಗುಡಿಸಲುಗಳು ಸುಮಾರು ೪ ಲಕ್ಷ ೯೧ ಸಾವಿರದಿಂದ ಸುಮಾರು ೧ ಲಕ್ಷ ೩೬ ಸಾವಿರಕ್ಕೆ ಇಳಿದವು. ಯಾವ ವರ್ಗದ ಜನ ಇಲ್ಲವಾದರೆಂಬುದನ್ನು ಈ ಕೊನೆಯ ಅಂಕೆಯೇ ಸಾರುತ್ತದೆ.

ಸಾವಿನ ಈ ವಿವರಗಳನ್ನು ಆಧರಿಸಿ ಡಬ್ಲಿನ್ನಿನ ವೈದ್ಯ ವಿಲಿಯಂ ವೈಲ್ಡ್ ಎಂಬವರು ವಿಸ್ತಾರವಾದ ಕೋಷ್ಟಕಗಳನ್ನು ಸಿದ್ಧಪಡಿಸಿದರು. ಅವು ಅಚ್ಚಾಗಿ ಇಂದಿಗೂ ಉಳಿದಿವೆ. ಅವುಗಳಲ್ಲಿ ಒಂದು ಕೊರತೆ ಮೊದಲಿನಿಂದಲೂ ಇದ್ದಿತು. ಇಡೀ ಮನೆಯೇ ಅಳಿದುಹೋದಲ್ಲಿ, ಅಥವಾ ಉಳಿದವರೆಲ್ಲ ದೇಶಾಂತರ ಹೋದಲ್ಲಿ, ಸತ್ತವರ ಹೆಸರು ಹೇಳುವವರೇ ಇರಲಿಲ್ಲ. ಅಷ್ಟಾದರೂ, ಕ್ಷಾಮದಲ್ಲಿ ಸತ್ತ ಲಕ್ಷಾಂತರ ಬಡವರ ಹೆಸರುಗಳು ಅವರ ಸ್ವಂತ ಮನೆಯವರ ಬಾಯಿಂದ ಬಂದು ದಾಖಲೆಯಾದುದು ಆ ಹಾಳೆಗಳಲ್ಲಿ ಮಾತ್ರ. ಮೊತ್ತ ಉಳಿಯಿತು, ಹೆಸರುಗಳು ೧೯೨೨ರಲ್ಲಿ ಸುಟ್ಟುಹೋದವು. ಬದಲಿ ದಾಖಲೆಗಳನ್ನು ತೂಗುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇದನ್ನು ಇಟ್ಟುಕೊಂಡೇ ತೂಗಬೇಕು.

೪

ಗಣತಿಗಳಿಗಿಂತ ಹಿಂದಿನ ಮನೆವಾರು ದಾಖಲೆಗಳಲ್ಲಿ ಒಲೆತೆರಿಗೆಯ ಪಟ್ಟಿಗಳು ಪ್ರಸಿದ್ಧವಾದವು. ೧೬೬೦ರ ದಶಕದಲ್ಲಿ ಐರ್ಲೆಂಡಿನಲ್ಲಿ ಪ್ರತಿ ಒಲೆಗೂ ವರ್ಷಕ್ಕೆ ಎರಡು ಷಿಲಿಂಗ್ ತೆರಿಗೆ ವಿಧಿಸಲಾಯಿತು. ಇಂಗ್ಲಿಷ್ ಅರ್ಥಶಾಸ್ತ್ರಜ್ಞ ವಿಲಿಯಂ ಪೆಟಿ ೧೬೭೨ರಲ್ಲಿ ಐರ್ಲೆಂಡಿನ ಜನಸಂಖ್ಯೆಯನ್ನು ೧೧ ಲಕ್ಷವೆಂದು ಅಂದಾಜು ಮಾಡಿದನು. ಅವನ ಗ್ರಂಥ ೧೬೯೧ರಲ್ಲಿ, ಅವನ ಮರಣಾನಂತರ, ಅಚ್ಚಾಯಿತು. ಅವನ ಲೆಕ್ಕಾಚಾರದಲ್ಲಿ ಮನೆಗೆ ‘ಹೊಗೆ’ ಎಂದೇ ಹೆಸರು. ಆದರೆ ನೆಲೆಯಾದ ಒಲೆಯೇ ಇಲ್ಲದ ಗುಡಿಸಲುಗಳು ಬಹುಪಾಲು ಎಂದೂ ಅವನೇ ಹೇಳುತ್ತಾನೆ. ಒಲೆಗೆ ತೆರಿಗೆಯಿದ್ದಾಗ ಒಲೆಯಿಲ್ಲದವನು, ಭಿಕ್ಷೆಯಿಂದ ಬದುಕುವ ವಿಧವೆ, ಅಧಿಕಾರಿಗಳ ಕಣ್ಣಿಗೆ ಬೀಳದ ಬೆಟ್ಟದಾಚೆಯ ಸಂಸಾರ ಇವರೆಲ್ಲ ಪಟ್ಟಿಯ ಹೊರಗಾಗುವುದು ಸ್ವಾಭಾವಿಕ.

ಹದಿನೆಂಟನೆಯ ಶತಮಾನದ ಒಲೆತೆರಿಗೆಯ ಮೊತ್ತಗಳ ವಿಷಯದಲ್ಲಿ ವಿದ್ವಾಂಸರ ನಡುವೆ ದೀರ್ಘವಾದ ಚರ್ಚೆ ನಡೆದಿದೆ. ಕಂದಾಯಾಧಿಕಾರಿಯಾಗಿದ್ದ ಜರ್ವೇಸ್ ಪಾರ್ಕರ್ ಬುಷ್ ಎಂಬವನು ೧೭೯೦ರಲ್ಲಿ ಕೆಲವು ಪ್ರದೇಶಗಳ ಮನೆಗಳಲ್ಲಿದ್ದ ಜನರನ್ನು ವಾಸ್ತವವಾಗಿ ಎಣಿಸಿದ ಲೆಕ್ಕಗಳನ್ನು ಮುಂದಿಟ್ಟು, ಮನೆಗೆ ಸರಾಸರಿ ಆರಕ್ಕಿಂತ ತುಸು ಹೆಚ್ಚು ಜನರೆಂದು ತೋರಿಸಿದನು. ಕೆ. ಎಚ್. ಕಾನೆಲ್ ಅವರು ೧೯೫೦ರಲ್ಲಿ ಪ್ರಕಟಿಸಿದ, ೧೭೫೦ರಿಂದ ೧೮೪೫ರವರೆಗಿನ ಐರಿಷ್ ಜನಸಂಖ್ಯೆಯನ್ನು ಕುರಿತ ಗ್ರಂಥದಲ್ಲಿ, ತೆರಿಗೆ ವಸೂಲಿಗಾರರು ಬಹುಸಂಖ್ಯೆಯ ಮನೆಗಳನ್ನು ಬಿಟ್ಟಿದ್ದರೆಂದು ವಾದಿಸಿ ಹಳೆಯ ಅಂಕೆಗಳನ್ನು ಬಹಳವಾಗಿ ಹೆಚ್ಚಿಸಿದರು. ೧೯೮೧ರಲ್ಲಿ ಡಾಲ್ಟ್ರಿ, ಡಿಕ್ಸನ್ ಮತ್ತು ಓ ಗ್ರಾಡ ಎಂಬ ಮೂವರು ಅದೇ ಮೂಲಗಳನ್ನು ಪುನಃ ಪರಿಶೀಲಿಸಿ, ಶತಮಾನದ ಮೊದಲರ್ಧದ ಮಟ್ಟಿಗೆ ಕಾನೆಲ್ ಅವರ ತಿದ್ದುಪಡಿ ಅತಿಯಾಯಿತೆಂದು ನಿರ್ಣಯಿಸಿದರು.

ಈ ವಾದದಲ್ಲಿ ಯಾರ ಅಂಕೆ ಸರಿ ಎಂಬುದಕ್ಕಿಂತ ವಾದದ ಸ್ವರೂಪವೇ ನಮಗೆ ಹೆಚ್ಚು ಬೋಧಪ್ರದವಾಗಿದೆ. ಕಾನೆಲ್ ಅವರ ಹಿರಿಮೆಯಿರುವುದು ಪಟ್ಟಿಯನ್ನು ಓದುವ ಮೊದಲು ಪಟ್ಟಿ ಬರೆದವನನ್ನು ಪರೀಕ್ಷಿಸಿದುದರಲ್ಲಿ. ವಸೂಲಿಗಾರನಿಗೆ ಸಂಬಳವೆಷ್ಟು, ಮನೆಯನ್ನು ಮರೆಮಾಚಿದರೆ ಲಾಭ ಯಾರಿಗೆ ಎಂಬ ಪ್ರಶ್ನೆಗಳನ್ನು ಅವರು ಎತ್ತಿದರು. ಅವರ ದೌರ್ಬಲ್ಯವಿರುವುದು ಆ ಸಂದೇಹವನ್ನು ಒಂದು ಗುಣಕಾಂಕವಾಗಿ ಮಾರ್ಪಡಿಸಿ ಎಲ್ಲ ಕಾಲಕ್ಕೂ ವಿಸ್ತರಿಸಿದುದರಲ್ಲಿ. ಬಿಟ್ಟುಹೋದವರು ಎಷ್ಟೆಂದು ಪಟ್ಟಿಯೇ ಹೇಳಲಾರದು. ಬೇರೆ ಮೂಲದ ಸಾಕ್ಷ್ಯವಿಲ್ಲದೆ ಅದಕ್ಕೆ ಅಂಕೆ ಕೊಡುವುದು ಊಹೆಯೇ ಹೊರತು ತಿದ್ದುಪಡಿಯಲ್ಲ.

ಹೆಸರಿನಿಂದಲೇ ದಾರಿತಪ್ಪಿಸುವ ದಾಖಲೆಗಳೂ ಉಂಟು. ‘೧೬೫೯ರ ಗಣತಿ’ ಎಂದು ಪ್ರಸಿದ್ಧವಾಗಿ, ಸೇಮಸ್ ಪೆಂಡರ್ ಅವರಿಂದ ೧೯೩೯ರಲ್ಲಿ ಪ್ರಕಟವಾದ ದಾಖಲೆಯನ್ನು ತೆಗೆದುಕೊಳ್ಳಬಹುದು. ಅದು ಗಣತಿಯಲ್ಲ, ತಲೆಗಂದಾಯಕ್ಕಾಗಿ ಸಿದ್ಧಪಡಿಸಿದ ಪಟ್ಟಿಗಳ ಸಾರಾಂಶ. ತೆರಿಗೆಗೆ ಒಳಪಡದ ಮಕ್ಕಳಿಗೆ ಅದರಲ್ಲಿ ಸ್ಥಾನವಿಲ್ಲ. ಅದರ ಅಂಕೆಗಳನ್ನು ಒಟ್ಟು ಜನಸಂಖ್ಯೆಯೆಂದು ಓದಿದವರು ಒಂದು ದೇಶದ ಬಾಲ್ಯವನ್ನೇ ಲೆಕ್ಕದಿಂದ ಕಳೆದಂತಾಯಿತು.

ಇವುಗಳ ನಡುವೆ ಎಲ್ಫಿನ್ ಧರ್ಮಪ್ರಾಂತದ ೧೭೪೯ರ ಪಟ್ಟಿಯೊಂದು ಗೌರವಾರ್ಹವಾದ ಅಪವಾದ. ಅಲ್ಲಿನ ಪ್ರೊಟೆಸ್ಟಂಟ್ ಬಿಷಪ್ ಎಡ್ವರ್ಡ್ ಸಿಂಗ್ ತನ್ನ ಪ್ರಾಂತದ ಮನೆಗಳನ್ನು ಊರೂರಾಗಿ ಬರೆಯಿಸಿದನು. ರಾಸ್‌ಕಾಮನ್ ಕೌಂಟಿಯ ಬಹುಭಾಗವೂ ಸ್ಲೈಗೊ ಮತ್ತು ಗಾಲ್ವೇಗಳ ಕೆಲವು ಭಾಗಗಳೂ ಸೇರಿ ಸುಮಾರು ಇಪ್ಪತ್ತು ಸಾವಿರ ಮನೆಗಳ ವಿವರ ಅದರಲ್ಲಿದೆ. ಯಜಮಾನನ ಹೆಸರು, ಮತ, ಕಸುಬು, ಹದಿನಾಲ್ಕು ವರ್ಷದ ಕೆಳಗಿನ ಮತ್ತು ಮೇಲಿನ ಮಕ್ಕಳ ಸಂಖ್ಯೆ, ಆಳುಕಾಳುಗಳ ಸಂಖ್ಯೆ ಇವು ಅದರ ಅಂಕಣಗಳು. ನೇಯುವವನು, ದನ ಕಾಯುವವನು, ಭಿಕ್ಷುಕ ಎಲ್ಲರೂ ಅದರಲ್ಲಿ ಕಾಣಿಸಿಕೊಳ್ಳುತ್ತಾರೆ. ತೆರಿಗೆಯ ಉದ್ದೇಶವಿಲ್ಲದುದರಿಂದ ಬಡವನನ್ನು ಬಿಡಲು ಅಲ್ಲಿ ಕಾರಣವಿರಲಿಲ್ಲ. ಹಾಗಿದ್ದರೂ ಅದು ಮತದ ಲೆಕ್ಕವೇ ಹೊರತು ಮನುಷ್ಯರ ಲೆಕ್ಕವಲ್ಲ. ಯಜಮಾನನಿಗೆ ಹೆಸರಿದೆ, ಹೆಂಡತಿಗೂ ಮಕ್ಕಳಿಗೂ ಇಲ್ಲ. ಐರಿಷ್ ಹಸ್ತಪ್ರತಿ ಆಯೋಗ ೨೦೦೪ರಲ್ಲಿ ಅದನ್ನು ಅಚ್ಚು ಮಾಡಿ ಉಪಕಾರ ಮಾಡಿದೆ. ಇದಕ್ಕೆ ಹೋಲುವ ೧೭೬೬ರ ಮತವಾರು ಪಟ್ಟಿಗಳ ಮೂಲಪ್ರತಿಗಳು ಬಹುಪಾಲು ೧೯೨೨ರಲ್ಲಿಯೇ ಸುಟ್ಟವು. ಟೆನಿಸನ್ ಗ್ರೋವ್ಸ್ ಮೊದಲಾದವರು ಮೊದಲೇ ನಕಲು ಮಾಡಿಕೊಂಡಿದ್ದಷ್ಟು ಮಾತ್ರ ಉಳಿದಿದೆ.

೫

ಹತ್ತೊಂಬತ್ತನೆಯ ಶತಮಾನದ ಬದಲಿಗಳಲ್ಲಿ ಎರಡು ಮುಖ್ಯವಾದವು. ಒಂದು, ೧೮೨೩ರಿಂದ ೧೮೩೭ರವರೆಗೆ ಸಿದ್ಧವಾದ ದಶಾಂಶ ತೆರಿಗೆಯ ಪುಸ್ತಕಗಳು. ಇನ್ನೊಂದು, ರಿಚರ್ಡ್ ಗ್ರಿಫಿತ್ ಅವರ ನೇತೃತ್ವದಲ್ಲಿ ನಡೆದು ೧೮೪೭ರಿಂದ ೧೮೬೪ರವರೆಗೆ ಅಚ್ಚಾದ ಮೌಲ್ಯಮಾಪನ. ಮೊದಲನೆಯದು ಕ್ಷಾಮಕ್ಕೆ ಹಿಂದಿನದು, ಎರಡನೆಯದು ಬಹುಮಟ್ಟಿಗೆ ಅದರ ಬಳಿಕದ್ದು. ಆದಕಾರಣ ಒಂದೇ ಊರಿನ ಎರಡು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿಲ್ಲದ ಹೆಸರುಗಳನ್ನು ಕ್ಷಾಮಕ್ಕೆ ತುತ್ತಾದವರೆಂದು ಎಣಿಸುವ ಪದ್ಧತಿ ಸ್ಥಳೀಯ ಇತಿಹಾಸಗಳಲ್ಲಿ ಬೆಳೆದುಬಂದಿದೆ. ನಮ್ಮ ವಿಮರ್ಶೆ ಮುಖ್ಯವಾಗಿ ಈ ಪದ್ಧತಿಯನ್ನು ಕುರಿತದ್ದು.

ದಶಾಂಶದ ಪುಸ್ತಕ ಏನನ್ನು ಬರೆಯುತ್ತದೆ? ಪ್ರಭುತ್ವದ ಚರ್ಚಿಗೆ ದಶಾಂಶ ಸಲ್ಲಿಸಬೇಕಾದ ಭೂಮಿಯನ್ನೂ ಅದನ್ನು ಹಿಡಿದವನನ್ನೂ ಬರೆಯುತ್ತದೆ. ನಗರಗಳು ಅದರಲ್ಲಿಲ್ಲ. ದಶಾಂಶದಿಂದ ಮುಕ್ತವಾದ ಭೂಮಿಯೂ ಇಲ್ಲ. ಭೂಮಿ ಹಿಡಿದ ರೈತನಿಂದ ಗುಡಿಸಲನ್ನೂ ಆಲೂಗೆಡ್ಡೆಯ ತುಂಡು ನೆಲವನ್ನೂ ಪಡೆದು, ಅದಕ್ಕೆ ಪ್ರತಿಯಾಗಿ ದುಡಿಯುತ್ತಿದ್ದ ‘ಕಾಟಿಯರ್’ ಎಂಬ ಒಳಗೇಣಿಯ ಕೂಲಿಕಾರನ ಹೆಸರು ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ಊರವರು ಕೂಡಿ ಸಾಗುವಳಿ ಮಾಡುತ್ತಿದ್ದ ಕಡೆಗಳಲ್ಲಿ ಒಬ್ಬನ ಹೆಸರು ಬರೆದು ಮುಂದೆ ‘ಮತ್ತು ಕಂಪೆನಿ’ ಎಂದು ಸೇರಿಸಿರುತ್ತಾರೆ. ಆ ಎರಡು ಮಾತಿನ ಹಿಂದೆ ಐದು ಸಂಸಾರಗಳಿದ್ದವೇ ಹದಿನೈದಿದ್ದವೇ ಎಂಬುದು ಪುಸ್ತಕದಿಂದ ತಿಳಿಯದು.

ಗ್ರಿಫಿತ್ ಅವರ ಮೌಲ್ಯಮಾಪನ ಇದಕ್ಕಿಂತ ಬಹಳ ಪ್ರೌಢವಾದ ಕೃತಿ. ಅನುಭೋಗದಾರನ ಹೆಸರು, ಅವನಿಗೆ ಗೇಣಿಗೆ ಕೊಟ್ಟವನ ಹೆಸರು, ಮನೆ ಹಿತ್ತಿಲು ಭೂಮಿಗಳ ವಿವರ, ವಿಸ್ತೀರ್ಣ, ವಾರ್ಷಿಕ ಬೆಲೆ ಇವೆಲ್ಲ ಟೌನ್‌ಲ್ಯಾಂಡ್ ಎಂಬ ಅತಿ ಚಿಕ್ಕ ಗ್ರಾಮಭಾಗಗಳ ಅನುಕ್ರಮದಲ್ಲಿ ಅದರಲ್ಲಿವೆ. ಒಂದೇ ಊರಿನಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರೆ ತಂದೆಯ ಹೆಸರನ್ನೋ ಬೇರೊಂದು ಗುರುತನ್ನೋ ಜೊತೆಗೆ ಬರೆದು ಭೇದವನ್ನು ತೋರಿಸಿದ್ದಾರೆ. ಸಣ್ಣ ಗುಡಿಸಲಿನವನೂ ಅದರಲ್ಲಿ ಸೇರುತ್ತಾನೆ. ಆದರೆ ಒಂದೇ ಸೂರಿನಡಿ ಇನ್ನೊಬ್ಬರ ಆಶ್ರಯದಲ್ಲಿದ್ದ ಸಂಸಾರ ಸೇರುವುದಿಲ್ಲ. ಮೇಲಾಗಿ, ಗಣತಿ ಒಂದು ರಾತ್ರಿಯ ಲೆಕ್ಕ. ಈ ಮೌಲ್ಯಮಾಪನ ದಕ್ಷಿಣದಿಂದ ಉತ್ತರಕ್ಕೆ ಹದಿನೇಳು ವರ್ಷ ಸಾಗಿದ ಕಾರ್ಯ. ಆ ಅವಧಿಯಲ್ಲಿ ಊರು ಬದಲಿಸಿದವನು ಎರಡು ಕಡೆ ಕಾಣಬಹುದು, ಎಲ್ಲಿಯೂ ಕಾಣದೆ ಇರಬಹುದು.

ಈಗ ಎರಡನ್ನೂ ಹೋಲಿಸಿದರೆ ಆಗುವುದೇನು? ಕ್ಷಾಮದಲ್ಲಿ ಅತಿ ಹೆಚ್ಚಾಗಿ ಅಳಿದುದು ಕಾಟಿಯರ್ ಮತ್ತು ಕೂಲಿಕಾರ ವರ್ಗ. ಆ ವರ್ಗವು ಭೂಮಿಯಿಲ್ಲದುದರಿಂದ ದಶಾಂಶದ ಪುಸ್ತಕದಲ್ಲಿ ಇರಲಿಲ್ಲ. ಗ್ರಿಫಿತ್ ಅವರ ಜನ ಬರುವಷ್ಟರಲ್ಲಿ ಜೀವವೇ ಇಲ್ಲದುದರಿಂದ ಮೌಲ್ಯಮಾಪನದಲ್ಲಿಯೂ ಇಲ್ಲ. ಎರಡು ಪಟ್ಟಿಗಳ ನಡುವಣ ವ್ಯತ್ಯಾಸದಲ್ಲಿ ಅವರ ಸುಳಿವೇ ಕಾಣುವುದಿಲ್ಲ. ಮೊದಲು ಹತ್ತು ಹೆಸರು, ಬಳಿಕ ಒಂಬತ್ತು ಹೆಸರು ಇರುವ ಊರನ್ನು ನೋಡಿ ಕ್ಷಾಮ ಇಲ್ಲಿ ಮೃದುವಾಗಿತ್ತೆಂದು ಬರೆಯುವುದು ಸುಲಭ. ಆ ಹತ್ತು ಮಂದಿಯ ಹೊಲಗಳ ಅಂಚಿನಲ್ಲಿ ಮೂವತ್ತು ಗುಡಿಸಲುಗಳು ಇದ್ದು ಇಲ್ಲವಾಗಿರಬಹುದು. ಇದಕ್ಕೆ ವಿರುದ್ಧವಾದ ತಪ್ಪೂ ಸಾಧ್ಯ. ಗ್ರಿಫಿತ್ ಅವರಲ್ಲಿ ಹೊಸದಾಗಿ ಕಾಣುವ ಹೆಸರಿನವನನ್ನು ಹೊರಗಿನಿಂದ ಬಂದವನೆಂದು ತಿಳಿಯುತ್ತೇವೆ. ಅವನು ತಲೆತಲಾಂತರದಿಂದ ಅಲ್ಲಿಯೇ ಇದ್ದು, ಹಳೆಯ ಪುಸ್ತಕದಲ್ಲಿ ಹೆಸರಿಲ್ಲದವನಾಗಿದ್ದಿರಬಹುದು.

ಕಾನೂನೂ ಈ ಅಳಿಸುವಿಕೆಗೆ ನೆರವಾಯಿತು. ನಾಲ್ಕು ಪೌಂಡು ಅಥವಾ ಅದಕ್ಕಿಂತ ಕಡಿಮೆ ಬೆಲೆಯ ಹಿಡುವಳಿಗಳ ಬಡವರ ತೆರಿಗೆಯನ್ನು ಜಮೀನುದಾರನೇ ಕೊಡಬೇಕೆಂದು ೧೮೪೩ರ ಕಾನೂನು ವಿಧಿಸಿತ್ತು. ಹೀಗಾಗಿ ಚಿಕ್ಕ ಗೇಣಿದಾರನನ್ನು ಎಬ್ಬಿಸಿ ಗುಡಿಸಲನ್ನು ಕೆಡವುವುದು ಜಮೀನುದಾರನಿಗೆ ಲಾಭವಾಯಿತು. ೧೮೪೭ರ ಕಾನೂನಿನ ಒಂದು ಕಲಮು ಕಾಲು ಎಕರೆಗಿಂತ ಹೆಚ್ಚು ಭೂಮಿ ಹಿಡಿದವನಿಗೆ ಸರಕಾರದ ಅನ್ನ ಸಲ್ಲದೆಂದಿತು. ಹಸಿದವನು ಗಂಜಿಗಾಗಿ ಹೊಲವನ್ನು ಬಿಟ್ಟುಕೊಟ್ಟನು. ಹೊಲದೊಡನೆ ಪಟ್ಟಿಯಲ್ಲಿ ಹೆಸರು ಬರುವ ಅರ್ಹತೆಯನ್ನೂ ಕಳೆದುಕೊಂಡನು. ಇಂತಹವನು ಬದುಕಿಯೇ ಇದ್ದಿರಬಹುದು. ಹೆಸರು ಇಲ್ಲದುದರಿಂದ ಸತ್ತನೆಂದೂ, ಹೆಸರು ಇದ್ದುದರಿಂದ ಸುಖವಾಗಿದ್ದನೆಂದೂ ನಿರ್ಣಯಿಸಲು ಬರುವುದಿಲ್ಲ.

ಚಿಕ್ಕದೆಂದು ತೋರುವ ಇನ್ನೊಂದು ಎಚ್ಚರಿಕೆಯನ್ನು ವಿದ್ಯಾರ್ಥಿಗಳಿಗಾಗಿ ಇಲ್ಲಿ ಹೇಳಬೇಕು. ದಶಾಂಶದ ಪುಸ್ತಕಗಳಲ್ಲಿ ಬಹುಮಟ್ಟಿಗೆ ಐರಿಷ್ ಎಕರೆಯ ಅಳತೆಯಿದೆ. ಗ್ರಿಫಿತ್ ಅವರದು ಶಾಸನಬದ್ಧ ಎಕರೆ. ಒಂದು ಐರಿಷ್ ಎಕರೆ ಸುಮಾರು ೧.೬೨ ಶಾಸನಬದ್ಧ ಎಕರೆಗೆ ಸಮ. ಇದನ್ನು ಮರೆತವನಿಗೆ ಹತ್ತು ಎಕರೆಯ ರೈತನು ಕ್ಷಾಮದ ನಡುವೆ ಹದಿನಾರು ಎಕರೆಯ ಒಡೆಯನಾದಂತೆ ತೋರುತ್ತದೆ. ನೆರೆಯವರ ಭೂಮಿಯನ್ನು ನುಂಗಿದನೆಂಬ ಅಪವಾದವೂ ಆ ನಿರಪರಾಧಿಯ ತಲೆಗೆ ಬರುತ್ತದೆ.

೬

ಇಷ್ಟೆಲ್ಲ ದೋಷಗಳನ್ನು ಹೇಳಿದ ಮೇಲೆ, ಬಡವರ ಹೆಸರನ್ನು ಉಳಿಸಿದ ಬದಲಿ ದಾಖಲೆ ಯಾವುದೂ ಇಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಒಂದು ಇದೆ. ಗಣತಿಯ ಮನೆವಾರು ವಿವರಕ್ಕೆ ಬದಲಿಯಾಗುವುದು ಅದನ್ನು ಬರೆದವರ ಉದ್ದೇಶವೇ ಆಗಿರಲಿಲ್ಲ.

೧೯೦೮ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ವೃದ್ಧಾಪ್ಯ ವೇತನದ ಕಾನೂನನ್ನು ಮಾಡಿತು. ೧೯೦೯ನೆಯ ಜನವರಿ ೧ರಿಂದ, ಎಪ್ಪತ್ತು ವರ್ಷ ತುಂಬಿದ ಬಡವರಿಗೆ ವಾರಕ್ಕೆ ಐದು ಷಿಲಿಂಗಿನವರೆಗೆ ವೇತನ ದೊರೆಯತೊಡಗಿತು. ವರ್ಷಕ್ಕೆ ೩೧ ಪೌಂಡು ೧೦ ಷಿಲಿಂಗ್ ಮೀರಿದ ವರಮಾನವಿದ್ದವರಿಗೆ ಅದು ಸಲ್ಲುತ್ತಿರಲಿಲ್ಲ. ಆದರೆ ಐರ್ಲೆಂಡಿನಲ್ಲಿ ಎಲ್ಲ ಜನನಗಳ ನೋಂದಣಿ ಆರಂಭವಾದುದು ೧೮೬೪ರಲ್ಲಿ. ೧೮೩೦ರ ದಶಕದಲ್ಲಿ ಹುಟ್ಟಿದವನು ತನ್ನ ವಯಸ್ಸನ್ನು ಸ್ಥಾಪಿಸುವುದು ಹೇಗೆ? ೧೮೩೯ನೆಯ ಜನವರಿ ೬ರ ರಾತ್ರಿ ಬೀಸಿದ ಮಹಾ ಬಿರುಗಾಳಿಯ ನೆನಪನ್ನು ಹೇಳಿ ಕೆಲವರು ವಯಸ್ಸನ್ನು ತೋರಿಸಲು ಯತ್ನಿಸಿದರು. ಹೆಚ್ಚು ಭದ್ರವಾದ ಸಾಕ್ಷ್ಯ ಡಬ್ಲಿನ್ನಿನ ಭಂಡಾರದಲ್ಲಿದ್ದ ೧೮೪೧ ಮತ್ತು ೧೮೫೧ರ ಗಣತಿ ಪಟ್ಟಿಗಳು. ಅರ್ಜಿದಾರರು ತ��್ಮ ತಂದೆತಾಯಿಯರ ಹೆಸರನ್ನೂ ಬಾಲ್ಯದಲ್ಲಿ ವಾಸವಾಗಿದ್ದ ಊರನ್ನೂ ಬರೆದುಕೊಟ್ಟರು. ಭಂಡಾರದ ಗುಮಾಸ್ತರು ಹಳೆಯ ಹಾಳೆಗಳನ್ನು ತೆಗೆದು ಹುಡುಕಿ, ಕಂಡದ್ದನ್ನು ಶೋಧನಪತ್ರದಲ್ಲಿ ಬರೆದರು. ಕೆಲವೊಮ್ಮೆ ಇಡೀ ಕುಟುಂಬವನ್ನೇ ನಕಲು ಮಾಡಿದರು. ಮೂಲ ಸುಟ್ಟುಹೋಯಿತು, ಈ ಶೋಧನಪತ್ರಗಳು ಸಾವಿರಾರು ಸಂಖ್ಯೆಯಲ್ಲಿ ಉಳಿದುಕೊಂಡವು.

ಇವುಗಳ ವೈಶಿಷ್ಟ್ಯವನ್ನು ಗಮನಿಸಬೇಕು. ತೆರಿಗೆಯ ಪಟ್ಟಿಯಲ್ಲಿ ಹೆಸರು ಬರಲು ಆಸ್ತಿ ಬೇಕು. ಈ ಪತ್ರದಲ್ಲಿ ಹೆಸರು ಬರಲು ಬಡತನ ಬೇಕು. ಮುದುಕಿಯೊಬ್ಬಳು ಅರ್ಜಿ ಹಾಕಿದರೆ ಅವಳ ಗಂಡನ ಮನೆಯ ಹೆಸರಿನೊಡನೆ ತವರಿನ ಹೆಸರೂ ತಂದೆತಾಯಿಯರ ಹೆಸರೂ ಬರುತ್ತವೆ. ಬೇರೆ ಪಟ್ಟಿಗಳಲ್ಲಿ ವಿಧವೆಯಾದ ಹೊರತು ಹೆಂಗಸಿಗೆ ಸಾಮಾನ್ಯವಾಗಿ ಸ್ಥಳವಿರಲಿಲ್ಲ. ೧೯೦೯ರಲ್ಲಿ ಎಪ್ಪತ್ತಾದವಳು ೧೮೪೧ರಲ್ಲಿ ಎರಡು ಮೂರು ವರ್ಷದ ಮಗು. ಕ್ಷಾಮಕ್ಕೆ ಮೊದಲು ಗುಡಿಸಲೊಂದರಲ್ಲಿ ತಾಯಿಯ ಮಡಿಲಲ್ಲಿದ್ದ ಮಗುವಿನ ಹೆಸರು ಐದು ಷಿಲಿಂಗಿನ ಅಗತ್ಯದಿಂದಾಗಿ ನಮಗೆ ಉಳಿದಿದೆ.

ಮೆಚ್ಚುಗೆಯಲ್ಲಿ ವಿವೇಕವನ್ನು ಬಿಡಬಾರದು. ಈ ಪತ್ರಗಳಿಗೂ ತಮ್ಮದೇ ಆದ ಹೊರಗಿನವರಿದ್ದಾರೆ. ಕ್ಷಾಮದಲ್ಲಿ ಸತ್ತವನು ವೇತನ ಕೇಳಲಿಲ್ಲ. ಅಮೆರಿಕಕ್ಕೆ ಹೋದವನೂ ಕೇಳಲಿಲ್ಲ. ಎಪ್ಪತ್ತಕ್ಕೆ ಮೊದಲೇ ತೀರಿಕೊಂಡವನಿಗೆ ಅದರ ಅಗತ್ಯವೇ ಬೀಳಲಿಲ್ಲ. ಅನೇಕ ಪತ್ರಗಳಲ್ಲಿ ‘ಸಿಗಲಿಲ್ಲ’ ಎಂಬ ಒಂದೇ ಉತ್ತರವಿದೆ. ಊರಿನ ಹೆಸರು ನೆನಪು ತಪ್ಪಿದ್ದರೂ, ಗುಮಾಸ್ತನ ಕಣ್ಣು ತಪ್ಪಿದ್ದರೂ ಉತ್ತರ ಅದೇ. ಆದುದರಿಂದ ಇವುಗಳಿಂದ ಸರಾಸರಿ ಕುಟುಂಬದ ಗಾತ್ರವನ್ನು ಲೆಕ್ಕ ಹಾಕುವುದು ಸಲ್ಲದು. ಇವು ಬದುಕುಳಿದವರ ಸಾಕ್ಷ್ಯ. ಆ ಮಿತಿಯೊಳಗೆ ಇವುಗಳಿಗೆ ಸಮನಾದ ದಾಖಲೆ ಇನ್ನೊಂದಿಲ್ಲ.

೨೦೨೨ರಲ್ಲಿ, ಬೆಂಕಿಯ ನೂರನೆಯ ವರ್ಷಕ್ಕೆ, ಐರ್ಲೆಂಡಿನ ವಿದ್ವಾಂಸರು ‘ವರ್ಚುಯಲ್ ರೆಕಾರ್ಡ್ ಟ್ರೆಜರಿ’ ಎಂಬ ಭಂಡಾರವನ್ನು ಗಣಕಯಂತ್ರದ ಮೂಲಕ ಲೋಕಕ್ಕೆ ತೆರೆದರು. ನಷ್ಟವಾದ ದಾಖಲೆಗಳ ನಕಲುಗಳನ್ನೂ ಸಾರಾಂಶಗಳನ್ನೂ ಬೇರೆ ಬೇರೆ ಗ್ರಂಥಾಲಯಗಳಿಂದ ಒಟ್ಟುಗೂಡಿಸುವ ಕಾರ್ಯ ಅಲ್ಲಿ ನಡೆದಿದೆ. ಹಳೆಯ ಭಂಡಾರದ ಯಾವ ಕಪಾಟಿನಲ್ಲಿ ಏನಿತ್ತೆಂಬುದಕ್ಕೆ ಹರ್ಬರ್ಟ್ ವುಡ್ ಅವರ ಮಾರ್ಗದರ್ಶಿಯೇ ಅವರಿಗೆ ಆಧಾರ. ಖಾಲಿಯಿರುವ ಸ್ಥಾನವನ್ನು ಖಾಲಿಯೆಂದು ಗುರುತಿಸಿ, ಸಿಕ್ಕಿದ್ದನ್ನು ಅದರ ಪಕ್ಕದಲ್ಲಿ ಇಡುವ ಈ ಕ್ರಮ ಪ್ರಾಮಾಣಿಕವಾದುದು.

೭

ಐರ್ಲೆಂಡಿನ ಈ ವಿಚಾರ ನಮ್ಮ ನಾಡಿಗೆ ದೂರವಾದುದಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ ೧೮೭೧ರ ಮೊದಲ ಕ್ರಮಬದ್ಧ ಗಣತಿಗೆ ಹಿಂದೆ ಜನಸಂಖ್ಯೆಗೆ ಆಧಾರವಾಗಿದ್ದುದು ಮನೆಗಳ ಲೆಕ್ಕವೇ. ದಿವಾನ್ ಪೂರ್ಣಯ್ಯನವರ ಆಡಳಿತಕಾಲದ ಲೆಕ್ಕದಲ್ಲಿ ೪,೮೨,೬೧೨ ಕುಟುಂಬಗಳಿದ್ದವು. ಕುಟುಂಬಕ್ಕೆ ನಾಲ್ಕೂವರೆ ಮಂದಿಯಂತೆ ಗುಣಿಸಿ ಸಂಸ್ಥಾನದ ಜನಸಂಖ್ಯೆ ೨೧,೭೧,೭೫೪ ಎಂದರು. ಕೊನೆಯ ನಾಲ್ಕರವರೆಗೆ ಖಚಿತವಾಗಿ ತೋರುವ ಈ ಸಂಖ್ಯೆಯಲ್ಲಿ ಎಣಿಸಿದ್ದು ಕುಟುಂಬಗಳನ್ನು ಮಾತ್ರ. ಜನರು ಗುಣಾಕಾರದಿಂದ ಹುಟ್ಟಿದವರು. ನಾಲ್ಕೂವರೆಯ ಬದಲು ಐದು ಎಂದು ಹಿಡಿದಿದ್ದರೆ ೨,೪೧,೩೦೬ ಮಂದಿ ಹೆಚ್ಚುತ್ತಿದ್ದರು. ಅರ್ಧ ಮನುಷ್ಯನ ವ್ಯತ್ಯಾಸದಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಜನ ಹುಟ್ಟುತ್ತಾರೆ, ಇಲ್ಲವೇ ಅಳಿಯುತ್ತಾರೆ.

ನಮಗೂ ಒಂದು ಮಹಾಕ್ಷಾಮವಿದೆ. ೧೮೭೧ರಲ್ಲಿ ೫೦,೫೫,೪೧೨ ಇದ್ದ ಮೈಸೂರಿನ ಜನಸಂಖ್ಯೆ, ೧೮೭೬ರಿಂದ ೧೮೭೮ರವರೆಗಿನ ಕ್ಷಾಮವನ್ನು ದಾಟಿ, ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿದಿತ್ತು. ಕೊರತೆ ೮,೬೯,೨೨೪. ಈ ಮೊತ್ತ ನಮ್ಮ ಪುಸ್ತಕಗಳಲ್ಲಿದೆ. ಮನೆಮನೆಯ ಹಾಳೆಗಳು ನಮ್ಮಲ್ಲಿಲ್ಲ. ಕೋಷ್ಟಕ ಸಿದ್ಧವಾದ ಬಳಿಕ ಅವನ್ನು ಉಳಿಸಿಕೊಳ್ಳುವ ಪದ್ಧತಿ ಭಾರತದ ಗಣತಿಯಲ್ಲಿ ಇರಲಿಲ್ಲ. ನಮ್ಮಲ್ಲಿ ಬೆಂಕಿಯ ಅಗತ್ಯವೇ ಬೀಳಲಿಲ್ಲ.

ಆದುದರಿಂದ ನಮ್ಮ ಗ್ರಾಮಗಳ ಚರಿತ್ರೆಯನ್ನು ಬರೆಯಹೊರಟವರೂ ಬದಲಿಗಳನ್ನೇ ನೆಚ್ಚಬೇಕಾಗಿದೆ. ಶ್ಯಾನುಭೋಗರ ಕಡತಗಳು, ಕಂದಾಯದ ಖಾತೆಗಳು, ಇನಾಮುಗಳ ಲೆಕ್ಕ, ದೇವಸ್ಥಾನ ಮಠಗಳ ವಹಿಗಳು ಇವೆಲ್ಲ ಅಮೂಲ್ಯವಾದವು. ಅವನ್ನು ಗೆದ್ದಲಿಗೆ ಬಿಡದೆ ಸಂಗ್ರಹಿಸುವುದು ಇಂದಿನ ವಿದ್ಯಾರ್ಥಿಗಳ ಮೊದಲ ಕರ್ತವ್ಯ. ಆದರೆ ಕಂದಾಯದ ಖಾತೆ ಕಂದಾಯ ಕೊಡುವವನನ್ನು ಮಾತ್ರ ಬಲ್ಲದು. ಅವನ ಹೊಲದಲ್ಲಿ ದುಡಿದ ಆಳು, ಜೀತದವನು, ಹೊಲವಿಲ್ಲದ ವಿಧವೆ ಇವರನ್ನು ಅದರಲ್ಲಿ ಹುಡುಕಿ, ಕಾಣದೆ, ಇದ್ದೇ ಇರಲಿಲ್ಲವೆಂದು ಬರೆದರೆ ಐರ್ಲೆಂಡಿನ ಸ್ಥಳೀಯ ಚರಿತ್ರಕಾರರ ತಪ್ಪನ್ನೇ ನಾವು ಮಾಡಿದಂತಾಗುತ್ತದೆ.

ಯಾವ ಪಟ್ಟಿಯನ್ನೇ ಕೈಗೆತ್ತಿಕೊಳ್ಳಲಿ, ಅದನ್ನು ಬರೆಯಿಸಿದವನಿಗೆ ಬೇಕಾಗಿದ್ದುದೇನು, ಬೇಡವಾಗಿದ್ದವರು ಯಾರು, ಅದು ಯಾವ ದಿನದ ಅಥವಾ ಯಾವ ಅವಧಿಯ ಲೆಕ್ಕ ಎಂಬ ಪ್ರಶ್ನೆಗಳನ್ನು ಮೊದಲು ಕೇಳಬೇಕು. ಬೇಡವಾಗಿದ್ದವರ ಸುಳಿವನ್ನು ಬೇರೆ ಉದ್ದೇಶಕ್ಕಾಗಿ ಹುಟ್ಟಿದ ದಾಖಲೆಯೊಂದರಲ್ಲಿ ಹುಡುಕಬೇಕು. ವೃದ್ಧಾಪ್ಯ ವೇತನದ ಪತ್ರಗಳಂತಹವು ನಮ್ಮ ಕಚೇರಿಗಳಲ್ಲಿಯೂ ಇರಬಹುದಾದ ಸಂಭವವಿದೆ. ಎಲ್ಲಿಯೂ ದೊರೆಯದಿದ್ದರೆ ಆ ಸ್ಥಾನವನ್ನು ಗುಣಾಕಾರದಿಂದ ತುಂಬದೆ, ಖಾಲಿಯೆಂದು ಬರೆದು ಬಿಡಬೇಕು. ಅಲ್ಲಿ ಜನರಿದ್ದರು ಎಂಬುದಕ್ಕೆ ಆ ಖಾಲಿ ಸ್ಥಾನವಾದರೂ ಸಾಕ್ಷಿಯಾಗಿ ಉಳಿಯುತ್ತದೆ.